ಚೆಂಡು ಕೈಗೆ ಬರುವ ಮುಂಚೆ

ವಾಲಿಬಾಲಿನಲ್ಲಿ ಚೆಂಡನ್ನು ಹಿಡಿಯುವ ಹಾಗಿಲ್ಲ. ಆಟ ನೋಡಿದ ಎಲ್ಲರಿಗೂ ಗೊತ್ತಿರುವ ಮಾತೇ ಇದು. ಆದರೆ ಈ ಒಂದು ನಿಯಮ ಎಷ್ಟು ದೊಡ್ಡದು ಅಂತ ನನಗೆ ಅರ್ಥ ಆಗಿದ್ದು ನಾನು ಆಡುವುದನ್ನು ಬಿಟ್ಟು ಮಕ್ಕಳಿಗೆ ಕಲಿಸಲು ಶುರು ಮಾಡಿದ ಮೇಲೆ. ಬ್ಯಾಸ್ಕೆಟ್‌ಬಾಲಿನಲ್ಲಿ ಚೆಂಡು ಹಿಡಿದು ಒಂದು ಕ್ಷಣ ಸುತ್ತ ನೋಡಬಹುದು. ಫುಟ್‌ಬಾಲಿನಲ್ಲಿ ಕಾಲಡಿ ನಿಲ್ಲಿಸಿಕೊಂಡು ಯೋಚಿಸಬಹುದು. ಇಲ್ಲಿ ಚೆಂಡು ಕೈಗೆ ತಾಗಿರುವುದು ರೆಪ್ಪೆ ಬಡಿಯುವಷ್ಟು ಹೊತ್ತೂ ಇಲ್ಲ. ಅಷ್ಟರಲ್ಲಿ ಏನನ್ನೂ ಸರಿಮಾಡಿಕೊಳ್ಳಲು ಆಗುವುದಿಲ್ಲ. ಎಲ್ಲಿ ನಿಲ್ಲಬೇಕು, ಯಾವ ಕಡೆ ತಿರುಗಿರಬೇಕು, ಚೆಂಡನ್ನು ಎಲ್ಲಿಗೆ ಕಳಿಸಬೇಕು, ಎಲ್ಲ ತೀರ್ಮಾನವೂ ಅದು ಬರುವ ಮುಂಚೆಯೇ ಮುಗಿದಿರಬೇಕು.

ಇನ್ನೊಂದು ಲೆಕ್ಕ ನೋಡಿ. ಒಂದು ಕಡೆ 6 ಜನ. ನೆಟ್ ಹತ್ತಿರ ಹಾರಿ ಎದುರಿನವರ ಹೊಡೆತ ತಡೆಯುವ ಬ್ಲಾಕ್‌ನಲ್ಲಿ ತಾಗಿದ್ದನ್ನು ಬಿಟ್ಟರೆ, ಚೆಂಡನ್ನು ಹೆಚ್ಚೆಂದರೆ 3 ಸಲ ಮುಟ್ಟಿ ಆಚೆ ಕಳಿಸಬೇಕು. ಅಂದರೆ ಅರ್ಧ ತಂಡಕ್ಕೆ ಚೆಂಡು ಸಿಗುವುದೇ ಇಲ್ಲ. ಆಟದ ಬಹುಪಾಲು ಸಮಯ ನಮ್ಮ ಕೈ ಖಾಲಿ. ಆದರೂ ಕಲಿಸುವಾಗ ನಾವು ಮಾತಾಡುವುದೆಲ್ಲ ಆ ಚೆಂಡು ತಾಗುವ ಕ್ಷಣದ ಬಗ್ಗೆಯೇ. ಕೈ ಹೀಗಿಡು, ಬೆರಳು ಹಾಗಿಡು. ನಾನೂ ಎಷ್ಟೋ ವರ್ಷ ಅದನ್ನೇ ಮಾಡಿದೆ.

ನಾನು ಕಲಿತದ್ದು ಶಾಲೆಯಲ್ಲಿ. 20 ಮಕ್ಕಳು, ಒಂದೇ ಸಾಲು, ಒಂದೇ ಚೆಂಡು. ಸರ್ ಚೆಂಡು ಎಸೆಯುತ್ತಿದ್ದರು, ನಾವು ಒಬ್ಬೊಬ್ಬರಾಗಿ ಅಂಡರ್‌ಹ್ಯಾಂಡ್‌ನಲ್ಲಿ ವಾಪಸ್ ಕೊಟ್ಟು ಸಾಲಿನ ಕೊನೆಗೆ ಹೋಗಿ ನಿಲ್ಲುತ್ತಿದ್ದೆವು. ಒಬ್ಬರಿಗೆ 6 ಸೆಕೆಂಡು ಅಂತ ಇಟ್ಟುಕೊಂಡರೂ ಮತ್ತೆ ನನ್ನ ಸರದಿ ಬರಲು 2 ನಿಮಿಷ ಬೇಕು. ಅರ್ಧ ಗಂಟೆಗೆ ಚೆಂಡು ಮುಟ್ಟಿದ್ದು 15 ಸಲ. ಉಳಿದ ಹೊತ್ತೆಲ್ಲ ಮುಂದಿನವರ ಬೆನ್ನು ನೋಡುತ್ತಾ ನಿಂತಿದ್ದೇ.

ಅದು ಸಾಲದು ಅಂತ ಮನೆಗೆ ಬಂದು ಗೋಡೆಗೆ ಹೊಡೆಯುತ್ತಿದ್ದೆ. ಒಂದು ಸಲಕ್ಕೆ 100, ಆಮೇಲೆ 200. ಮುಂಗೈ ಕೆಂಪಾಗುತ್ತಿತ್ತು. ಗೋಡೆಯಿಂದ ಕೈ ಪಳಗಿತು, ಅದನ್ನು ಇಲ್ಲ ಅನ್ನುವುದಿಲ್ಲ. ಆದರೆ ಮೊದಲ ಮ್ಯಾಚ್‌ನಲ್ಲಿ ಎದುರಿನವರ ಸರ್ವಿಸ್ ಬಂದಾಗ ನಾನು ಎರಡು ಕೈ ಜೋಡಿಸಿ, ಮಂಡಿ ಬಗ್ಗಿಸಿ, ಹೇಳಿಕೊಟ್ಟ ಹಾಗೇ ನಿಂತಿದ್ದೆ. ಚೆಂಡು ನನ್ನಿಂದ ಎರಡು ಹೆಜ್ಜೆ ಆಚೆ ಬಿತ್ತು. ನಾನು ಅಲುಗಾಡಲೇ ಇಲ್ಲ. ಯಾಕೆ ಅಂತ ಈಗ ಗೊತ್ತಾಗುತ್ತದೆ. ಗೋಡೆಯಿಂದ ಬರುವ ಚೆಂಡು ನಾನೇ ಕಳಿಸಿದ್ದು. ಅದು ಎಲ್ಲಿಗೆ ವಾಪಸ್ ಬರುತ್ತದೆ ಅಂತ ಹೊಡೆಯುವಾಗಲೇ ಗೊತ್ತಿರುತ್ತದೆ. ಇನ್ನೊಬ್ಬರ ಕೈಯಿಂದ ಹೊರಟು, ನೆಟ್ ದಾಟಿ, ಎಲ್ಲಿ ಬೀಳುತ್ತದೋ ಗೊತ್ತಿಲ್ಲದ ಚೆಂಡನ್ನು ನಾನು ಅಭ್ಯಾಸದಲ್ಲಿ ನೋಡಿಯೇ ಇರಲಿಲ್ಲ.

ಕೈ ಜೋಡಿಸಿಕೊಂಡು ನಿಲ್ಲುವುದೂ ಒಂದು ತಪ್ಪು. ಕೈ ಕಟ್ಟಿಕೊಂಡು ಯಾರಿಗೂ ಓಡಲು ಬರುವುದಿಲ್ಲ, ಅಲ್ವಾ? ಮೊದಲು ಕಾಲು ಹೋಗಬೇಕು, ಕೈ ಬಿಡಿಬಿಡಿಯಾಗಿ ಇರಬೇಕು, ಜೋಡಿಸುವುದು ಕೊನೆಗೆ.

ಹೀಗೆ ಬಂದ ಚೆಂಡನ್ನು ಮುಂಗೈಯಿಂದ ನಮ್ಮವರಿಗೆ ಎತ್ತಿಕೊಡುವುದೇ ಪಾಸ್. ಅದರ ಬಗ್ಗೆ ಇನ್ನಷ್ಟು ಹೇಳಬೇಕು, ಯಾಕೆಂದರೆ ಎಲ್ಲ ಅಲ್ಲಿಂದಲೇ ಶುರು. ಮೊಣಕೈ ನೇರ, ಎರಡು ಹೆಬ್ಬೆರಳು ಪಕ್ಕಪಕ್ಕ, ಮಣಿಕಟ್ಟು ಸ್ವಲ್ಪ ಕೆಳಗೆ ಬಾಗಿರಬೇಕು. ಚೆಂಡು ತಾಗಬೇಕಾದ್ದು ಮಣಿಕಟ್ಟಿನಿಂದ ಸ್ವಲ್ಪ ಮೇಲೆ, ಮುಂಗೈಯ ಮಾಂಸ ಇರುವ ಕಡೆ. ಎರಡು ಮುಂಗೈ ಸೇರಿ ಒಂದು ಹಲಗೆ ಆಗಬೇಕು. ಹಲಗೆ ಯಾವ ಕಡೆ ಮುಖ ಮಾಡಿದೆಯೋ ಚೆಂಡು ಆ ಕಡೆ ಹೋಗುತ್ತದೆ, ಅಷ್ಟೇ. ಕೈ ಬೀಸುವುದು ಬೇಡ. ಚೆಂಡು ಜೋರಾಗಿ ಬಂದಷ್ಟೂ ಕೈ ಸುಮ್ನೆ ಇರಬೇಕು. ನಿಧಾನಕ್ಕೆ ಬಂದರೆ ಕಾಲಿನಿಂದ ಸ್ವಲ್ಪ ಮೇಲೆದ್ದು ಬಲ ಕೊಡಬೇಕು. ಚೆಂಡು ದೇಹದ ಪಕ್ಕಕ್ಕೆ ಬಂದರೆ, ಕಳಿಸಬೇಕಾದ ಕಡೆಯ ಭುಜವನ್ನು ಸ್ವಲ್ಪ ತಗ್ಗಿಸಿ ಆಚೆ ಭುಜವನ್ನು ಎತ್ತಿದರೆ ಹಲಗೆ ತಾನಾಗಿಯೇ ತಿರುಗುತ್ತದೆ. ಈ ಭುಜದ ವಿಷಯ ನನಗೆ ಶಾಲೆಯಲ್ಲಿ ಯಾರೂ ಹೇಳಿರಲಿಲ್ಲ. ಚೆಂಡು ಎಲ್ಲೇ ಬಂದರೂ ಅದರ ನೇರಕ್ಕೆ ಹೋಗು ಅನ್ನುತ್ತಿದ್ದರು. ಹೋಗಲು ಸಮಯ ಇದ್ದರೆ ಒಳ್ಳೆಯದು. ಎಷ್ಟೋ ಸಲ ಇರುವುದಿಲ್ಲ.

ನೋವಿನ ಬಗ್ಗೆಯೂ ಒಂದು ಮಾತು. ಚಿಕ್ಕ ಮಕ್ಕಳು ಪಾಸ್ ಮಾಡಲು ಹಿಂಜರಿಯುವುದು ಸೋಮಾರಿತನದಿಂದ ಅಲ್ಲ. ಕೈ ನಿಜವಾಗಿ ನೋಯುತ್ತದೆ. ನಿಯಮದ ಪ್ರಕಾರ ಚೆಂಡಿನ ತೂಕ 260ರಿಂದ 280 ಗ್ರಾಂ, ಒಳಗಿನ ಗಾಳಿಯ ಒತ್ತಡ ಚದರ ಸೆಂಟಿಮೀಟರಿಗೆ 0.30ರಿಂದ 0.325 ಕಿಲೋಗ್ರಾಂ. ಇದು ಜಾಸ್ತಿ ಏನಲ್ಲ, ಹೆಬ್ಬೆರಳಲ್ಲಿ ಒತ್ತಿದರೆ ಚೆಂಡು ಸ್ವಲ್ಪ ಒಳಗೆ ಹೋಗಬೇಕು. ಆದರೆ ಎಷ್ಟೋ ಕಡೆ ಪಂಪ್ ಮಾಡಿ ಮಾಡಿ ಚೆಂಡನ್ನು ಕಲ್ಲಿನ ಹಾಗೆ ಮಾಡಿಟ್ಟಿರುತ್ತಾರೆ. ಆ ಚೆಂಡು ಹತ್ತು ವರ್ಷದ ಮಗುವಿನ ಮಣಿಕಟ್ಟಿನ ಮೂಳೆಗೆ ಬಡಿದರೆ ಮಾರನೆಯ ದಿನ ಅದು ಯಾಕೆ ಬರುತ್ತದೆ? ಕಲಿಸಲು ಹೋಗುವ ಯಾರೇ ಆದರೂ ಮೊದಲು ಚೆಂಡನ್ನು ಒತ್ತಿ ನೋಡಿ. ಹಗುರವಾದ ಚೆಂಡು ಸಿಕ್ಕರೆ ಇನ್ನೂ ಒಳ್ಳೆಯದು.

ನನ್ನ ಹತ್ತಿರ ಬರುತ್ತಿದ್ದ ಒಬ್ಬಳು ಹುಡುಗಿ ಚೆಂಡು ಬಂದ ಕೂಡಲೇ ಮುಖ ಪಕ್ಕಕ್ಕೆ ತಿರುಗಿಸುತ್ತಿದ್ದಳು. ಹನ್ನೆರಡು ವರ್ಷ. ಕೈ ಸರಿಯಾಗೇ ಇಡುತ್ತಿದ್ದಳು, ಆದರೆ ಕೊನೆಯ ಕ್ಷಣದಲ್ಲಿ ಕಣ್ಣು ಮುಚ್ಚಿಕೊಂಡು ಮುಖ ಆಚೆಗೆ. "ಹೆದರಬೇಡ" ಅಂತ ನಾನು ಎಷ್ಟು ಸಲ ಹೇಳಿದೆನೋ ಲೆಕ್ಕವಿಲ್ಲ. ಹೆದರಬೇಡ ಅಂದ ಕೂಡಲೇ ಯಾರ ಹೆದರಿಕೆಯೂ ಹೋಗುವುದಿಲ್ಲ. ಒಂದು ದಿನ ಪಾಸ್ ಮಾಡುವುದನ್ನೇ ನಿಲ್ಲಿಸಿದೆ. "ಕೈ ಎತ್ತಬೇಡ, ಚೆಂಡನ್ನು ಮುಟ್ಟಲೇಬೇಡ, ಅದು ಎಲ್ಲಿ ಬೀಳುತ್ತೆ ಅಂತ ಹೇಳು, ಆ ಜಾಗಕ್ಕೆ ಹೋಗಿ ಪಕ್ಕದಲ್ಲಿ ನಿಂತ್ಕೋ" ಅಂದೆ. ನೆಟ್‌ನ ಆಚೆಯಿಂದ ಎಸೆಯುತ್ತಾ ಹೋದೆ. ಮೊದಮೊದಲು ಚೆಂಡು ಬಿದ್ದ ಮೇಲೆ ಹೋಗುತ್ತಿದ್ದಳು. ಆಮೇಲೆ ಚೆಂಡು ನೆಟ್ ದಾಟಿದ ಮೇಲೆ. ಒಂದಷ್ಟು ದಿನ ಕಳೆದ ಮೇಲೆ ನನ್ನ ಕೈಯಿಂದ ಚೆಂಡು ಬಿಡುವ ಹೊತ್ತಿಗೇ ಅವಳ ಕಾಲು ಹೊರಟಿರುತ್ತಿತ್ತು. ಅವಳು ಹೆದರುತ್ತಿದ್ದದ್ದು ಚೆಂಡಿಗಲ್ಲ, ಅದು ಇದ್ದಕ್ಕಿದ್ದಂತೆ ಬಂದುಬಿಡುವುದಕ್ಕೆ. ಬರುವುದು ಮೊದಲೇ ಗೊತ್ತಾದ ಮೇಲೆ ಮುಖ ತಿರುಗಿಸುವ ಅಗತ್ಯ ಅವಳಿಗೆ ಇರಲಿಲ್ಲ.

ಅವಳಿಂದಲೇ ನನ್ನ ಕಲಿಸುವ ರೀತಿ ಬದಲಾಯಿತು ಅಂತ ಹೇಳಬಹುದು.

ಈಗ ಎಲ್ಲರಿಗೂ ಮೊದಲು ಕಣ್ಣಿನ ಕೆಲಸ. ಸರ್ವಿಸ್ ಮಾಡುವವರ ಕಾಲು ಯಾವ ಕಡೆ ಮುಖ ಮಾಡಿದೆ, ಭುಜ ಎಲ್ಲಿ ತಿರುಗಿದೆ, ಚೆಂಡನ್ನು ಎಷ್ಟು ಎತ್ತರ ಎಸೆದರು, ಕೈ ಚೆಂಡಿನ ಯಾವ ಭಾಗಕ್ಕೆ ತಾಗಿತು. ಕೋರ್ಟಿನ ಉದ್ದ 18 ಮೀಟರ್. ಸಾಧಾರಣ ಸರ್ವಿಸ್ ನಮ್ಮ ತನಕ ಬರಲು ಒಂದು ಸೆಕೆಂಡಿನ ಆಸುಪಾಸು ಸಾಕು. ಅದರಲ್ಲಿ ಅರ್ಧ ಸೆಕೆಂಡು ನೋಡುವುದರಲ್ಲೇ ಕಳೆದರೆ ಓಡಲು ಏನು ಉಳಿಯುತ್ತದೆ?

ಆಮೇಲೆ ಬಾಯಿ. ಇಬ್ಬರ ನಡುವೆ ಚೆಂಡು ಬಂದು ಬೀಳುವುದನ್ನು ಎಲ್ಲರೂ ನೋಡಿರುತ್ತೀರಿ. ಇಬ್ಬರೂ ಒಳ್ಳೆಯ ಆಟಗಾರರೇ, ಇಬ್ಬರಿಗೂ ಪಾಸ್ ಬರುತ್ತದೆ, ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತಾರೆ. "ನಂದು!" ಅಂತ ಕೂಗುವುದನ್ನು ನಾನು ಒಂದು ಕೌಶಲ ಅಂತಲೇ ಕಲಿಸುತ್ತೇನೆ. ಅದನ್ನು ಯಾವಾಗ ಕೂಗಬೇಕು ಅನ್ನುವುದು ಮುಖ್ಯ. ಚೆಂಡು ಕೈಗೆ ತಾಗುವಾಗ ಕೂಗಿ ಪ್ರಯೋಜನ ಇಲ್ಲ, ಅದು ಎಲ್ಲರಿಗೂ ಕಾಣಿಸುತ್ತಿರುತ್ತದೆ. ಚೆಂಡು ನೆಟ್ ದಾಟುವ ಮುಂಚೆ "ನಂದು" ಕೇಳಿಸಬೇಕು. ನಾಚಿಕೆಯ ಮಕ್ಕಳಿಗೆ ಇದು ಹಾರಿ ಜೋರಾಗಿ ಹೊಡೆಯುವ ಸ್ಮ್ಯಾಶ್‌ಗಿಂತ ಕಷ್ಟ. ಗಟ್ಟಿಯಾಗಿ ನಂದು ಅನ್ನುವುದೆಂದರೆ ತಪ್ಪಾದರೆ ಅದೂ ನಂದೇ ಅಂತ ಒಪ್ಪಿಕೊಂಡ ಹಾಗೆ. ಅದಕ್ಕೆ ನಮ್ಮಲ್ಲಿ ಒಂದು ಕಟ್ಟುನಿಟ್ಟು ಇದೆ. ಕೂಗಿ ತಪ್ಪು ಮಾಡಿದವರಿಗೆ ಯಾರೂ ಏನೂ ಅನ್ನುವ ಹಾಗಿಲ್ಲ, ನಾನೂ ಸೇರಿ.

ಪಾಸ್ ಮಾಡುವವರಿಗೆ ಚಪ್ಪಾಳೆ ಸಿಗುವುದು ಕಡಿಮೆ. ಮಕ್ಕಳಿಗೆ ನಾನು ಅಮೆರಿಕದ ಕಾರ್ಚ್ ಕಿರಾಲಿಯ ಕಥೆ ಹೇಳುತ್ತಿರುತ್ತೇನೆ. 1984 ಮತ್ತು 1988ರ ಒಲಿಂಪಿಕ್ಸ್‌ನಲ್ಲಿ ಚಿನ್ನ, ಮತ್ತೆ 1996ರಲ್ಲಿ ಬೀಚ್ ವಾಲಿಬಾಲಿನಲ್ಲಿ ಚಿನ್ನ. 1984ರ ಆ ತಂಡದಲ್ಲಿ ಎದುರಾಳಿಯ ಸರ್ವಿಸ್ ತೆಗೆದುಕೊಳ್ಳುವ ಕೆಲಸವನ್ನು ಮುಖ್ಯವಾಗಿ ಇಬ್ಬರಿಗೇ ವಹಿಸಿದ್ದರು, ಕಿರಾಲಿ ಮತ್ತು ಆಲ್ಡಿಸ್ ಬೆರ್ಜಿನ್ಸ್. 9 ಮೀಟರ್ ಅಗಲದ ಕೋರ್ಟನ್ನು ಇಬ್ಬರೇ ಕಾಯುವುದು! ಅಷ್ಟು ದೊಡ್ಡ ಹೆಸರಿನ ಆಟಗಾರ ತಂಡಕ್ಕೆ ಅನಿವಾರ್ಯ ಆಗಿದ್ದು ಬರೀ ಹೊಡೆತದಿಂದಲ್ಲ ಅಂದಾಗ ಮಕ್ಕಳು ಸ್ವಲ್ಪ ಹೊತ್ತು ಸುಮ್ಮನಾಗುತ್ತಾರೆ.

ಇನ್ನು ನನ್ನ ಮಾತಿನ ವಿಷಯ. ಒಬ್ಬ ಹುಡುಗನಿಗೆ ನಾನು ಒಂದೇ ಉಸಿರಿಗೆ ಮೊಣಕೈ ನೇರ, ಮಂಡಿ ಬಗ್ಗಿಸು, ಹೆಬ್ಬೆರಳು ನೋಡ್ಕೋ, ಸೊಂಟ ಕೆಳಗೆ ಅಂತ ಹೇಳುತ್ತಿದ್ದೆ. ಹೇಳಿದಷ್ಟೂ ಅವನು ಮರಗಟ್ಟುತ್ತಾ ಹೋದ. ಕೊನೆಗೆ ಅವನೇ, "ಅಕ್ಕಾ, ಇಷ್ಟೆಲ್ಲ ನೋಡ್ತಾ ಇದ್ರೆ ಚೆಂಡು ಯಾವಾಗ ನೋಡ್ಲಿ?" ಅಂದ. ಅವನ ಪ್ರಶ್ನೆ ಸರಿಯಾಗಿತ್ತು, ನನ್ನ ಹತ್ತಿರ ಉತ್ತರ ಇರಲಿಲ್ಲ. ಅವತ್ತಿನಿಂದ ಅವನಿಗೆ ಮೈಕೈ ಬಗ್ಗೆ ಏನೂ ಹೇಳದೆ, ನೆಟ್ ಹತ್ತಿರ ಒಬ್ಬಳನ್ನು ನಿಲ್ಲಿಸಿ, "ಚೆಂಡು ಅವಳ ತಲೆ ಮೇಲೆ ಮೆತ್ತಗೆ ಇಳೀಬೇಕು" ಅಂತ ಮಾತ್ರ ಹೇಳಿದೆ. ಮೊಣಕೈ ತಾನಾಗಿ ನೇರ ಆಯಿತು. ಇದು ನಾನು ಕಂಡುಹಿಡಿದದ್ದೇನಲ್ಲ. ಗೇಬ್ರಿಯೆಲ್ ವುಲ್ಫ್ ಅನ್ನುವ ಸಂಶೋಧಕಿ 1990ರ ದಶಕದ ಕೊನೆಯಿಂದ ಇದರ ಮೇಲೆ ಕೆಲಸ ಮಾಡಿದ್ದಾರೆ. ಕಲಿಯುವವರ ಗಮನ ತಮ್ಮ ದೇಹದ ಮೇಲೆ ಇರುವುದಕ್ಕಿಂತ, ಆ ಚಲನೆಯಿಂದ ಹೊರಗೆ ಏನಾಗಬೇಕು ಅನ್ನುವುದರ ಮೇಲೆ ಇದ್ದರೆ ಕಲಿಕೆ ಚೆನ್ನಾಗಿ ಆಗುತ್ತದೆ ಅನ್ನುವುದು ಅದರ ಸಾರ.

ಇದರ ಜೊತೆಗೇ ಇನ್ನೊಂದು ಹಳೆಯ ಪ್ರಯೋಗ ನನ್ನ ತಲೆಯಲ್ಲಿ ಉಳಿದಿದೆ. 1979ರಲ್ಲಿ ಜಾನ್ ಶೇ ಮತ್ತು ರಾಬಿನ್ ಮಾರ್ಗನ್ ಮಾಡಿದ್ದು. ಕೈಯಿಂದ ಮಾಡುವ ಮೂರು ಬಗೆಯ ಚಲನೆಗಳು. ಒಂದು ಗುಂಪು ಒಂದನ್ನು ಪೂರ್ತಿ ಮುಗಿಸಿ ಇನ್ನೊಂದಕ್ಕೆ ಹೋಯಿತು, ಇನ್ನೊಂದು ಗುಂಪು ಮೂರನ್ನೂ ಕಲಸಿ ಅಭ್ಯಾಸ ಮಾಡಿತು. ಅಭ್ಯಾಸದ ಹೊತ್ತಿನಲ್ಲಿ ಮೊದಲ ಗುಂಪೇ ಮುಂದೆ. ಆದರೆ ಸ್ವಲ್ಪ ಕಾಲ ಬಿಟ್ಟು ಪರೀಕ್ಷೆ ಮಾಡಿದಾಗ ಕಲಸಿ ಕಲಿತವರೇ ಹೆಚ್ಚು ಉಳಿಸಿಕೊಂಡಿದ್ದರು. ಕಲಿಸುವವರಿಗೆ ಇದು ಕಷ್ಟದ ಸಂಗತಿ, ಯಾಕೆಂದರೆ ಒಂದೇ ಪಾಸನ್ನು 50 ಸಲ ಮಾಡಿಸಿದರೆ ಆ ದಿನ ಎಲ್ಲ ಅಚ್ಚುಕಟ್ಟಾಗಿ ಕಾಣುತ್ತದೆ, ನೋಡಲು ನಿಂತ ಅಪ್ಪ ಅಮ್ಮನಿಗೂ ಖುಷಿ. ಚಿಕ್ಕ ಕೋರ್ಟ್ ಮಾಡಿ, ನಡುವೆ ಹಗ್ಗ ಕಟ್ಟಿ, ಇಬ್ಬರ ಮೇಲೆ ಇಬ್ಬರನ್ನು ಆಡಲು ಬಿಟ್ಟರೆ ಮೊದಲ ದಿನ ಚೆಂಡು ಎಲ್ಲೆಲ್ಲೋ ಹೋಗುತ್ತದೆ. ಆದರೂ ನಾನು ಹಗ್ಗ ಕಟ್ಟುತ್ತೇನೆ. ಆಟದಲ್ಲಿ ನೆಟ್ ಇದೆ, ಎದುರಾಳಿ ಇದ್ದಾರೆ. ಅವೆರಡೂ ಇಲ್ಲದ ಅಭ್ಯಾಸದಲ್ಲಿ ನೋಡಿ ತಿಳಿಯುವುದಕ್ಕೆ ಏನೂ ಇರುವುದಿಲ್ಲ.

ಸ್ಮ್ಯಾಶ್ ಹೊಡೆಯುವವರಿಗೆ ಚೆಂಡನ್ನು ಮೇಲೆತ್ತಿ ಕೊಡುವುದು ಲಿಫ್ಟಿಂಗ್. ಅದಕ್ಕೆ ಬೆರಳು ಬೇಕು ಅನ್ನುತ್ತಾರೆ. ನನ್ನ ಪ್ರಕಾರ ಮೊದಲು ಬೇಕಾದ್ದು ಕಾಲು. ಚೆಂಡಿನ ಕೆಳಗೆ ಹೋಗಿ ನಿಂತ ಮೇಲೆ ಬೆರಳಿನ ಕೆಲಸ ಸುಲಭ. ಕೈ ಹಣೆಯ ಮೇಲೆ, ಚೆಂಡಿನ ಆಕಾರಕ್ಕೆ ಮೊದಲೇ ತೆರೆದಿರಬೇಕು. ಅಂಗೈಗೆ ಚೆಂಡು ತಾಗಬಾರದು. ಚಿಕ್ಕವರಿಗೆ ನಾನು ಮೊದಲು ಹಿಡಿಯಲು ಬಿಡುತ್ತೇನೆ. ಚೆಂಡನ್ನು ಮೇಲೆಯೇ ಹಿಡಿದುಕೋ, ಹಾಗೇ ನಿಲ್ಲು, ಕೈ ಎಲ್ಲಿದೆ ನೋಡು. ಹಣೆಯ ಮೇಲಿದ್ದರೆ ಸರಿ, ಎದೆಯ ಹತ್ತಿರ ಇದ್ದರೆ ಕಾಲು ತಡವಾಯಿತು ಅಂತ. ಆಮೇಲೆ ಹಿಡಿಯುವ ಹೊತ್ತನ್ನು ದಿನದಿಂದ ದಿನಕ್ಕೆ ಕಡಿಮೆ ಮಾಡುತ್ತಾ ಹೋದರೆ ಒಂದು ದಿನ ಅದು ಹಿಡಿತ ಹೋಗಿ ಲಿಫ್ಟ್ ಆಗಿರುತ್ತದೆ.

ಸರ್ವಿಸ್ ಒಂದೇ ನಮ್ಮ ಕೈಯಲ್ಲಿ ಚೆಂಡು ಇಟ್ಟುಕೊಂಡು ಶುರು ಮಾಡುವ ಕೆಲಸ. ಸೀಟಿ ಊದಿದ ಮೇಲೆ 8 ಸೆಕೆಂಡು ಇದೆ. ಆದರೂ ಮಕ್ಕಳು ಅವಸರ ಮಾಡುತ್ತಾರೆ. ಚೆಂಡು ಎಸೆಯುವುದು ಹಾಳಾದರೆ ಹೊಡೆತ ಹಾಳಾಗಿಯೇ ಆಗುತ್ತದೆ, ಅದಕ್ಕೆ ಬರೀ ಎಸೆಯುವುದನ್ನೇ ಬಿಡಿಯಾಗಿ ಮಾಡಿಸುತ್ತೇನೆ. ಕೆಳಗಿನಿಂದ ಹೊಡೆಯುವ ಸರ್ವಿಸ್‌ನಲ್ಲಿ ಅವಮಾನ ಏನೂ ಇಲ್ಲ. ಕೊನೆಯ ಗೆರೆಯಿಂದ ಹೊಡೆಯಲು ಆಗದಿದ್ದರೆ ನೆಟ್‌ನಿಂದ 4 ಮೀಟರಿಗೆ ಬಂದು ಹೊಡೆಯಲಿ, ದಾಟಿಸಿದರೆ ಒಂದು ಹೆಜ್ಜೆ ಹಿಂದೆ. ಬೆಳೆದವರಿಗೆ ಫ್ಲೋಟ್ ಸರ್ವಿಸ್. ಅಂಗೈ ಗಟ್ಟಿಯಾಗಿ ಇಟ್ಟು ಚೆಂಡಿನ ನಡುಮಧ್ಯಕ್ಕೆ ಹೊಡೆದು ಕೈ ಅಲ್ಲೇ ನಿಲ್ಲಿಸಿದರೆ ಚೆಂಡು ತಿರುಗದೆ ಹೋಗುತ್ತದೆ. ತಿರುಗದ ಚೆಂಡಿನ ಸುತ್ತ ಗಾಳಿ ಒಂದೇ ಸಮನೆ ಹರಿಯುವುದಿಲ್ಲ, ಅದಕ್ಕೇ ಅದು ಆ ಕಡೆ ಈ ಕಡೆ ಅಲುಗಾಡುತ್ತಾ ಬರುತ್ತದೆ. ಎದುರಿನವರಿಗೆ ಓದಲು ಕಷ್ಟ. ಹಿಂದೆ ಸರ್ವಿಸ್ ಮಾಡಿದವರಿಗೆ ಮಾತ್ರ ಪಾಯಿಂಟ್ ಸಿಗುತ್ತಿತ್ತು, 1990ರ ದಶಕದ ಕೊನೆಯಲ್ಲಿ ಸರ್ವಿಸ್ ಯಾರದೇ ಇರಲಿ ಪ್ರತಿ ರ‍್ಯಾಲಿಗೂ ಪಾಯಿಂಟ್ ಅನ್ನುವ ನಿಯಮ ಬಂತು. ಹೀಗಾಗಿ ಸರ್ವಿಸ್ ನೆಟ್‌ಗೆ ಬಿದ್ದರೆ ಎದುರಿನವರಿಗೆ ಪುಕ್ಕಟೆ ಪಾಯಿಂಟ್. ಆದರೆ ಕಲಿಯುವ ವಯಸ್ಸಿನಲ್ಲಿ ಆ ಪಾಯಿಂಟಿಗೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ.

ಸ್ಮ್ಯಾಶ್. ಎಲ್ಲರೂ ಬಂದ ದಿನವೇ ಕೇಳುವುದು ಇದನ್ನೇ, ಕೇಳಲಿ, ನಾನು ಮುಂದೂಡುವುದಿಲ್ಲ. ಆಸೆ ಇರುವಾಗಲೇ ಕಲಿಸಬೇಕು. ಮೊದಲು ನಿಂತಲ್ಲೇ ಕೈ ಬೀಸುವುದು, ಆಮೇಲೆ ಕೊನೆಯ ಎರಡು ಹೆಜ್ಜೆ, ಆಮೇಲೆ ಪೂರ್ತಿ ಓಟ. ಬಲಗೈಯವರಿಗೆ ಎಡ, ಬಲ, ಎಡ. ಮೊದಲ ಹೆಜ್ಜೆ ನಿಧಾನ, ಕೊನೆಯ ಎರಡು ಟಕಟಕ ಅಂತ. ಕಷ್ಟ ಇರುವುದು ಹಾರುವುದರಲ್ಲಲ್ಲ, ಕಾಯುವುದರಲ್ಲಿ. ಚೆಂಡು ಲಿಫ್ಟರ್ ಕೈಗೆ ಬರುವ ಮುಂಚೆಯೇ ಓಡಿಬಿಟ್ಟು ಅದರ ಕೆಳಗೆ ನಿಂತುಬಿಡುತ್ತಾರೆ. ಅಲ್ಲಿಂದ ಹೊಡೆದರೆ ಚೆಂಡು ಮೇಲಕ್ಕೇ ಹೋಗುವುದು. ಎತ್ತರದ ಲಿಫ್ಟ್ ಆದರೆ ಅದು ಮೇಲೇರುವುದನ್ನು ನೋಡಿಕೊಂಡು ಹೊರಡಬೇಕು.

ನೆಟ್ ಎತ್ತರದ ಬಗ್ಗೆ ನನಗೆ ಗಟ್ಟಿ ಅಭಿಪ್ರಾಯ ಇದೆ. ಗಂಡಸರಿಗೆ 2.43 ಮೀಟರ್, ಹೆಂಗಸರಿಗೆ 2.24. ಅದು ಬೆಳೆದವರ ಅಳತೆ. ಅದೇ ನೆಟ್‌ನ ಮುಂದೆ ಮಕ್ಕಳನ್ನು ಬಿಟ್ಟರೆ ಕೆಳಗಿನಿಂದ ಮೇಲಕ್ಕೆ ತಳ್ಳುವುದನ್ನು ಕಲಿಯುತ್ತಾರೆ. ಮುಂದೆ ಎತ್ತರ ಬೆಳೆದ ಮೇಲೂ ಆ ಭುಜ ಬದಲಾಗುವುದಿಲ್ಲ. ಇಳಿಸಿ ಕಟ್ಟಿ. ಕೆಳಗೆ ಇಳಿಯುವಾಗ ಎರಡು ಕಾಲಿನ ಮೇಲೆ, ಮಂಡಿ ಬಾಗಿಸಿ ಇಳಿಯಲಿ. ನೆಟ್‌ನ ಅಡಿ ಎದುರಿನವರ ಪಾದದ ಮೇಲೆ ಕಾಲಿಟ್ಟು ಪಾದ ಉಳುಕಿಸಿಕೊಳ್ಳುವುದು ಈ ಆಟದ ದೊಡ್ಡ ತೊಂದರೆ, ಹಾಗಾಗಿ ನೇರ ಮೇಲೆ ಹಾರಿ ನೇರ ಕೆಳಗೆ ಇಳಿಯುವುದನ್ನು ಬ್ಲಾಕ್ ಕಲಿಸುವ ಮೊದಲ ದಿನವೇ ಹೇಳಬೇಕು. ಬ್ಲಾಕ್ ಬಗ್ಗೆ ಚಿಕ್ಕವರಿಗೆ ಅದಕ್ಕಿಂತ ಜಾಸ್ತಿ ಹೇಳಲು ನಾನು ಹೋಗುವುದಿಲ್ಲ.

ಒಂದು ವಿಷಯಕ್ಕೆ ನನಗೆ ಈಗಲೂ ಸಿಟ್ಟು ಬರುತ್ತದೆ. ಮಕ್ಕಳ ಮೇಲೆ ಹತ್ತಿರದಿಂದ ಜೋರಾಗಿ ಹೊಡೆದು, ಬಿದ್ದರೆ ಏಳು ಅಂತ ಗದರಿಸಿ, ಗಟ್ಟಿ ಆಗ್ತಾರೆ ಅನ್ನುವ ಕಲಿಸುವ ಕ್ರಮ. ಅದಕ್ಕೆ 1964ರ ಟೋಕಿಯೋದ ಉದಾಹರಣೆ ಕೊಡುವವರನ್ನು ಕೇಳಿದ್ದೇನೆ. ವಾಲಿಬಾಲ್ ಒಲಿಂಪಿಕ್ಸ್‌ಗೆ ಬಂದ ಮೊದಲ ವರ್ಷ ಅದು. ಜಪಾನ್ ಹೆಂಗಸರ ತಂಡ ಹಿರೋಬುಮಿ ದೈಮಾತ್ಸು ಅವರ ಕೈಕೆಳಗೆ ಚಿನ್ನ ಗೆದ್ದಿತು, ಅವರ ತರಬೇತಿ ಬಹಳ ಕಠಿಣ ಅಂತ ಹೆಸರಾಗಿತ್ತು. ಆದರೆ ಆ ತಂಡದ ಆಟದಲ್ಲಿ ನೋಡಬೇಕಾದ್ದು ಬೇರೆಯೇ ಇದೆ. ಚೆಂಡಿಗೆ ಹಾರಿ ಬಿದ್ದವರು ಭುಜದ ಮೇಲೆ ಉರುಳಿ ಅದೇ ವೇಗದಲ್ಲಿ ಎದ್ದು ನಿಲ್ಲುತ್ತಿದ್ದರು. ಮುಂದಿನ ಚೆಂಡು ಬರುವ ಮುಂಚೆ ಮತ್ತೆ ಸಿದ್ಧ! ಆ ಉರುಳುವುದನ್ನು ಚಾಪೆ ಹಾಸಿ ನಿಧಾನವಾಗಿ ಕಲಿಸಬಹುದು. ಮಕ್ಕಳಿಗೆ ಅದೊಂದು ಆಟ. ಜಪಾನಿನವರು ಬೆಳೆದ ಆಟಗಾರರು, ನಮ್ಮ ಮುಂದೆ ನಿಂತಿರುವುದು ಮಕ್ಕಳು.

ಈಗ ನಮ್ಮ ಅಭ್ಯಾಸದ ಮೊದಲ ಹತ್ತು ನಿಮಿಷ ನಾನು ಬಾಯಿ ತೆರೆಯುವುದಿಲ್ಲ. ಮಕ್ಕಳು ಬಂದವರೇ ಹಗ್ಗ ಕಟ್ಟಿಕೊಂಡು ಇಬ್ಬಿಬ್ಬರಾಗಿ ಆಡಲು ಶುರು ಮಾಡುತ್ತಾರೆ. ನಾನು ಪಕ್ಕಕ್ಕೆ ಕೂತು ಕಿವಿ ಮಾತ್ರ ತೆರೆದಿಟ್ಟಿರುತ್ತೇನೆ. "ನಂದು" ಯಾವಾಗ ಕೇಳಿಸುತ್ತದೆ ಅಂತ ಎಣಿಸುತ್ತಿರುತ್ತೇನೆ. ಚೆಂಡು ಹಗ್ಗ ದಾಟಿದ ಮೇಲೆ ಕೂಗಿದ್ದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಆಟ ಶುರುವಾದ ಹೊಸದರಲ್ಲಿ ಹತ್ತು ನಿಮಿಷಕ್ಕೆ ಒಂದೂ ಸಿಗುತ್ತಿರಲಿಲ್ಲ. ಮೊನ್ನೆ 9 ಸಿಕ್ಕವು. ಅದರಲ್ಲಿ 4 ಮುಖ ತಿರುಗಿಸುತ್ತಿದ್ದ ಆ ಹುಡುಗಿಯದು.